ಹಳೆಯ ಕಾರಿಗೆ ಸರಿಯಾದ ಬಿಡಿಭಾಗ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಾರನ್ನು ಮತ್ತೆ ರಸ್ತೆಗಿಳಿಸಲು ಹೊರಟವರಿಗೆ ಸ್ಪ್ಯಾನರ್ ಹಿಡಿಯುವ ಕೆಲಸಕ್ಕಿಂತ ಪಾರ್ಟ್ ಹುಡುಕುವ ಕೆಲಸವೇ ಜಾಸ್ತಿ ಇರುತ್ತದೆ. ಪಾರ್ಟ್ ಸಿಗದೆ ನಿಂತ ಕಾರುಗಳನ್ನು ನೋಡಿದ್ದೇನೆ. ತಪ್ಪು ಪಾರ್ಟ್ ತಂದು, ಹಣ ಖಾಲಿಯಾಗಿ, ಉತ್ಸಾಹ ಇಳಿದು ನಿಂತ ಕಾರುಗಳನ್ನು ಅದಕ್ಕಿಂತ ಹೆಚ್ಚು ನೋಡಿದ್ದೇನೆ. ಅಂಥ ಒಂದು ಕಾರಾದರೂ ಕಡಿಮೆಯಾಗಲಿ ಅಂತ ಈ ಉತ್ತರಗಳು.

ಕಾರಿನ ಹೆಸರು ಮತ್ತು ವರ್ಷ ಹೇಳಿದರೆ ಸಾಕಲ್ವಾ?

ಸಾಲದು. ಕಾರ್ಖಾನೆಗಳು ಜನವರಿ 1ಕ್ಕೆ ಕಾದು ಕಾರು ಬದಲಾಯಿಸುತ್ತಿರಲಿಲ್ಲ. ಹಳೆಯ ದಾಸ್ತಾನು ಮುಗಿದ ದಿನ ಹೊಸ ಪಾರ್ಟ್ ಹಾಕಲು ಶುರು ಮಾಡುತ್ತಿದ್ದರು. ಆ ಬದಲಾವಣೆ ಯಾವ ಚಾಸಿ ನಂಬರಿನಿಂದ ಅಂತ ಬರೆದಿಡುತ್ತಿದ್ದರು. ನಿಮಗೆ ಬೇಕಾದ್ದು ಆ ನಂಬರ್.

ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನೇ ನೋಡಿ. 1962ರಿಂದ 1980ರವರೆಗೆ ಒಂದೇ ಹೆಸರಿನಲ್ಲಿ ಬಂತು. ಮೊದಲು ಬಂದ ಇಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್‌ಗೆ 3 ಮೇನ್ ಬೇರಿಂಗ್ ಇದ್ದವು. 1964ರ ಕೊನೆಯ ಹೊತ್ತಿಗೆ 5 ಬೇರಿಂಗ್ ಆಯಿತು. 1967ರ ಕೊನೆಗೆ ಮಾರ್ಕ್ 2 ಬಂದಾಗ ಡೈನಮೊ ಹೋಗಿ ಆಲ್ಟರ್ನೇಟರ್ ಬಂತು, ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಬಾಡಿಗೆ ಜೋಡಿಸುವುದು) ಹೋಗಿ ನೆಗೆಟಿವ್ ಅರ್ತ್ ಆಯಿತು. 1974ರಲ್ಲಿ ಕ್ರೋಮ್ ಬಂಪರ್ ಜಾಗಕ್ಕೆ ರಬ್ಬರ್ ಬಂಪರ್ ಬಂತು, ಕಾರಿನ ಎತ್ತರವೂ ಬದಲಾಯಿತು. ಸುಮ್ನೆ "1967ರ ಎಂಜಿಬಿಗೆ ಸ್ಟಾರ್ಟರ್ ಕೊಡಿ" ಅಂದರೆ ಅಂಗಡಿಯವರು ಯಾವುದನ್ನು ಕೊಡಬೇಕು?

ಇನ್ನೊಂದು ಗೊಂದಲ ಮಾಡೆಲ್ ವರ್ಷದ್ದು. ಫೋಕ್ಸ್‌ವ್ಯಾಗನ್ ಬೀಟಲ್‌ನ ಹೊಸ ಮಾಡೆಲ್ ವರ್ಷ ಆಗಸ್ಟ್‌ನಲ್ಲಿ ಶುರುವಾಗುತ್ತಿತ್ತು. 1966ರ ಸೆಪ್ಟೆಂಬರ್‌ನಲ್ಲಿ ತಯಾರಾದ ಕಾರು 1967ರ ಮಾಡೆಲ್. ಇನ್ನು ನೋಂದಣಿ ಪತ್ರದಲ್ಲಿರುವ ತಾರೀಕು ಕಾರು ಮಾರಾಟವಾದದ್ದು. ಅದಕ್ಕೂ ಮುಂಚೆ ಕಾರು ಎಷ್ಟು ತಿಂಗಳು ಗೋದಾಮಿನಲ್ಲಿ ನಿಂತಿತ್ತೋ ಆ ಪತ್ರ ಹೇಳುವುದಿಲ್ಲ.

ಹಾಗಾದರೆ ಯಾವ ಯಾವ ನಂಬರ್ ಬರೆದಿಟ್ಟುಕೊಳ್ಳಬೇಕು?

ಚಾಸಿ ನಂಬರ್, ಇಂಜಿನ್ ನಂಬರ್, ಗೇರ್‌ಬಾಕ್ಸ್ ನಂಬರ್, ಆ್ಯಕ್ಸಲ್ ನಂಬರ್, ಬಾಡಿ ನಂಬರ್. ತಗಡಿನ ಫಲಕದ ಮೇಲೆ ಬಣ್ಣ ಮತ್ತು ಸೀಟಿನ ಬಟ್ಟೆಯ ಕೋಡ್ ಇದ್ದರೆ ಅದನ್ನೂ ಬರೆದುಕೊಳ್ಳಿ. 17 ಅಕ್ಷರಗಳ ಚಾಸಿ ನಂಬರ್ ಪದ್ಧತಿ ಅಮೆರಿಕದಲ್ಲಿ 1981ರ ಮಾಡೆಲ್‌ಗಳಿಂದ ಕಡ್ಡಾಯವಾಯಿತು. ಅದಕ್ಕೂ ಹಿಂದೆ ಪ್ರತಿ ಕಂಪನಿಗೂ ತನ್ನದೇ ರೀತಿ. ಕೆಲವು ಕಾರಿನ ನಂಬರ್ ಆರೇ ಅಂಕಿ ಇದ್ದರೂ ಗಾಬರಿಯಾಗಬೇಡಿ.

ಹಳೆಯ ಕಾರುಗಳಲ್ಲಿ ಇಂಜಿನ್ ಬದಲಾಗಿರುವುದು ತುಂಬಾ ಸಾಮಾನ್ಯ. ಹಾಗಾಗಿ ಇಂಜಿನ್ ಪಾರ್ಟ್‌ಗೆ ಇಂಜಿನ್ ನಂಬರ್ ಕೊಡಿ, ಬ್ರೇಕ್ ಮತ್ತು ಸಸ್ಪೆನ್ಷನ್ ಪಾರ್ಟ್‌ಗೆ ಚಾಸಿ ನಂಬರ್ ಕೊಡಿ. ಹಿಂದಿನ ಆ್ಯಕ್ಸಲ್ ಬೇರೆ ಕಾರಿನದಾಗಿದ್ದರೆ ಹಿಂದಿನ ಬ್ರೇಕ್ ಕೂಡ ಆ ಕಾರಿನದೇ ಆಗಿರಬಹುದು.

ತುಕ್ಕು ಹಿಡಿದ ನಂಬರನ್ನು ಗ್ರೈಂಡರ್‌ನಿಂದ ಉಜ್ಜಬೇಡಿ. ಸೀಮೆಎಣ್ಣೆ ಹಚ್ಚಿ, ಮೆತ್ತನೆ ಬ್ರಷ್‌ನಿಂದ ತಿಕ್ಕಿ, ಮೇಲೆ ಸೀಮೆಸುಣ್ಣ ಸವರಿ. ಬದಿಯಿಂದ ಟಾರ್ಚ್ ಬಿಟ್ಟರೆ ಅಂಕಿ ಎದ್ದು ಕಾಣುತ್ತದೆ.

ಪಾರ್ಟ್ಸ್ ಬುಕ್ ಬೇಕೇ ಬೇಕಾ? ವರ್ಕ್‌ಶಾಪ್ ಮ್ಯಾನ್ಯುಯಲ್ ಇದೆಯಲ್ಲ.

ಎರಡೂ ಬೇರೆ ಕೆಲಸದ ಪುಸ್ತಕಗಳು. ಮ್ಯಾನ್ಯುಯಲ್ ಹೇಗೆ ಬಿಚ್ಚಬೇಕು, ಎಷ್ಟು ಬಿಗಿ ಮಾಡಬೇಕು ಅಂತ ಹೇಳುತ್ತದೆ. ಪಾರ್ಟ್ಸ್ ಬುಕ್‌ನಲ್ಲಿ ಬಿಡಿಸಿಟ್ಟ ಚಿತ್ರ ಇರುತ್ತದೆ, ಪ್ರತಿ ವಾಷರಿಗೂ ನಂಬರ್ ಇರುತ್ತದೆ, ಒಂದು ಕಾರಿಗೆ ಎಷ್ಟು ಬೇಕು ಅನ್ನುವುದೂ ಇರುತ್ತದೆ. ಯಾವ ಚಾಸಿ ನಂಬರಿನಿಂದ ಯಾವ ಪಾರ್ಟ್ ಅನ್ನುವ ಅಂಕಣವೇ ಅದರ ಜೀವಾಳ. ನಿಮ್ಮ ಕಾರಿನ ವರ್ಷಗಳಿಗೆ ಹೊಂದುವ ಮುದ್ರಣವನ್ನೇ ಹುಡುಕಿ. ಮೊದಲ ಮುದ್ರಣದಲ್ಲಿ ಆಮೇಲಿನ ಬದಲಾವಣೆಗಳು ಇರುವುದಿಲ್ಲ.

ಒಂದು ನಂಬರ್ ನಿಂತು ಅದರ ಬದಲು ಇನ್ನೊಂದು ಬಂದಿದ್ದರೆ ಎರಡನ್ನೂ ಬರೆದಿಟ್ಟುಕೊಳ್ಳಿ. ಹಳೆಯ ಡಬ್ಬಿಯ ಮೇಲೆ ಹಳೆಯ ನಂಬರೇ ಇರುತ್ತದೆ. ಹೊಸ ನಂಬರ್ ಮಾತ್ರ ಹಿಡಿದು ಹುಡುಕಿದರೆ ಕಣ್ಣ ಮುಂದಿದ್ದರೂ ಸಿಗುವುದಿಲ್ಲ. ಬದಲಿ ಪಾರ್ಟ್ ಕೆಲಸಕ್ಕೆ ಹೊಂದುತ್ತದೆ, ಆದರೆ ನೋಡಲು ಮೊದಲಿನದರಂತೆಯೇ ಇರಬೇಕು ಅಂತೇನಿಲ್ಲ.

ಪಾರ್ಟ್ ಮೇಲೆ ಎರಕದಲ್ಲಿ ಮೂಡಿದ ನಂಬರೇ ಪಾರ್ಟ್ ನಂಬರ್ ಅಲ್ವಾ?

ಬಹಳ ಸಲ ಅಲ್ಲ. ಅದು ಎರಕದ ಅಚ್ಚಿನ ನಂಬರ್. ಒಂದೇ ಅಚ್ಚಿನಲ್ಲಿ ಹೊಯ್ದ ಸಿಲಿಂಡರ್ ಹೆಡ್ಡನ್ನು ಎರಡು ಇಂಜಿನ್‌ಗಳಿಗೆ ಎರಡು ರೀತಿ ಕೊರೆದಿರಬಹುದು. ವಾಲ್ವ್ ಅಳತೆ ಬೇರೆ ಆಗಿರಬಹುದು. ಎರಕದ ನಂಬರ್ ಹೊಂದಿತು ಅಂತ ಹಣ ಕೊಡುವ ಮೊದಲು ಅಳತೆಯನ್ನೂ ನೋಡಿ.

ಫೋರ್ಡ್ ಕಾರುಗಳಲ್ಲಿ ಇದು ಇನ್ನೂ ಸ್ಪಷ್ಟ. ಅಮೆರಿಕದ ಫೋರ್ಡ್ ನಂಬರಿನ ಮೊದಲ ಅಕ್ಷರ ದಶಕ ಹೇಳುತ್ತದೆ: ಬಿ ಅಂದರೆ 1950ರ ದಶಕ, ಸಿ ಅಂದರೆ 1960ರದ್ದು, ಡಿ ಅಂದರೆ 1970ರದ್ದು. ಪಕ್ಕದ ಅಂಕಿ ವರ್ಷ. ಸಿ5 ಅಂತಿದ್ದರೆ 1965. ಮೂರನೆಯ ಅಕ್ಷರ ಯಾವ ಕಾರಿಗೆ ಅಂತ. ಮಸ್ಟಾಂಗ್ ಆದರೆ ಝಡ್. ಆದರೆ ಪಾರ್ಟ್ ಮೇಲೆ ಮೂಡಿರುವುದು ವಿನ್ಯಾಸ ವಿಭಾಗದ ನಂಬರ್, ಡಬ್ಬಿಯ ಮೇಲಿರುವುದು ಮಾರಾಟದ ನಂಬರ್. ಎರಡೂ ಒಂದೇ ಥರ ಕಾಣುತ್ತವೆ, ಒಂದೇ ಆಗಿರುವುದಿಲ್ಲ. ಆ ವರ್ಷ ಕೂಡ ಪಾರ್ಟ್ ವಿನ್ಯಾಸವಾದ ವರ್ಷ. 1965ರ ವಿನ್ಯಾಸದ ಪಾರ್ಟನ್ನು 1968ರ ಕಾರಿಗೂ ಹಾಕಿರಬಹುದು.

ಎರಕದ ತಾರೀಕು ಬೇರೆ. ಷೆವ್ರೊಲೆ ಇಂಜಿನ್ ಬ್ಲಾಕ್ ಮೇಲೆ ತಿಂಗಳಿಗೆ ಒಂದು ಅಕ್ಷರ, ಆಮೇಲೆ ದಿನ, ಆಮೇಲೆ ವರ್ಷದ ಕೊನೆಯ ಅಂಕಿ ಇರುತ್ತದೆ. ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ. ವರ್ಷಕ್ಕೆ 7 ಅಂತ ಒಂದೇ ಅಂಕಿ ಇದ್ದರೆ ಅದು 1957 ಇರಬಹುದು, 1967 ಇರಬಹುದು. ಎರಕದ ನಂಬರ್ ಜೊತೆ ಇಟ್ಟು ನೋಡಿದರೆ ಮಾತ್ರ ದಶಕ ಗೊತ್ತಾಗುತ್ತದೆ. ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕು ಅನ್ನುವವರು ಒಂದು ಲೆಕ್ಕ ಮರೆಯಬಾರದು. ಪಾರ್ಟಿನ ತಾರೀಕು ಕಾರು ಜೋಡಣೆಯಾದ ತಾರೀಕಿಗಿಂತ ಮುಂಚೆ ಇರಬೇಕು. ಕಾರಿಗಿಂತ ಆಮೇಲೆ ಹುಟ್ಟಿದ ಪಾರ್ಟ್ ಕಾರ್ಖಾನೆಯದಾಗಿರಲು ಸಾಧ್ಯವಿಲ್ಲ.

ಬ್ರಿಟಿಷ್ ಕಾರುಗಳ ಲ್ಯೂಕಸ್ ಕಂಪನಿಯ ಡೈನಮೊ, ಡಿಸ್ಟ್ರಿಬ್ಯೂಟರ್, ಸ್ಟಾರ್ಟರ್‌ಗಳ ಮೇಲೆ ಮಾದರಿಯ ಹೆಸರು, ಐದಂಕಿಯ ನಂಬರ್, ತಯಾರಾದ ತಾರೀಕು ಮೂರೂ ಕೆತ್ತಿರುತ್ತವೆ. 25ಡಿ4 ಅಂತ ಇದ್ದರೆ ಅದು ಡಿಸ್ಟ್ರಿಬ್ಯೂಟರಿನ ಮಾದರಿ ಮಾತ್ರ. ಅದೇ ಮಾದರಿ ಎಷ್ಟೋ ಕಾರುಗಳಿಗೆ ಬಂದಿದೆ, ಒಳಗೆ ಕಿಡಿಯ ಸಮಯ ಹೊಂದಿಸುವ ಅಡ್ವಾನ್ಸ್ ಸ್ಪ್ರಿಂಗ್‌ಗಳು ಬೇರೆ ಬೇರೆ. ಐದಂಕಿಯ ನಂಬರ್ ನೋಡಿಯೇ ಕೊಳ್ಳಿ.

ಪಾರ್ಟ್ ನಂಬರ್ ಓದಲು ಕಲಿಯುವುದರಿಂದ ಲಾಭ ಇದೆಯಾ?

ತುಂಬಾ ಇದೆ. ಫೋಕ್ಸ್‌ವ್ಯಾಗನ್ ನಂಬರುಗಳು ಮೂರು ಮೂರು ಅಂಕಿಯ ಗುಂಪುಗಳು. ಮೊದಲ ಗುಂಪು ಯಾವ ಗಾಡಿಗೆ ಅಂತ: 113 ಬೀಟಲ್‌ಗೆ, 211 ವ್ಯಾನ್‌ಗೆ, 311 ಟೈಪ್ 3 ಅನ್ನುವ ಕಾರಿಗೆ. ಎರಡನೆಯ ಗುಂಪು 1ರಿಂದ ಶುರುವಾದರೆ ಇಂಜಿನ್, 6 ಆದರೆ ಚಕ್ರ ಮತ್ತು ಬ್ರೇಕ್, 8 ಆದರೆ ಬಾಡಿ, 9 ಆದರೆ ವಿದ್ಯುತ್. ಎಡ ಬಲ ಇರುವ ಪಾರ್ಟ್‌ಗಳಲ್ಲಿ ಕೊನೆಯ ಅಂಕಿ ಬೆಸವಾದರೆ ಎಡಕ್ಕೆ, ಸಮವಾದರೆ ಬಲಕ್ಕೆ. ಬಾಲಕ್ಕೆ ಅಕ್ಷರ ಸೇರಿದ್ದರೆ ಪಾರ್ಟ್ ತಿದ್ದುಪಡಿಯಾಗಿದೆ ಅಂತ ಅರ್ಥ. ಹಾಗಂತ 113 ನೋಡಿದ ಕೂಡಲೇ ವ್ಯಾನ್‌ಗೆ ಆಗಲ್ಲ ಅನ್ನಬೇಡಿ. ಯಾವ ಗಾಡಿಗೆ ಮೊದಲು ಮಾಡಿದರೋ ಆ ಗಾಡಿಯ ನಂಬರ್ ಉಳಿಯುತ್ತದೆ. ಅದೇ ಪಾರ್ಟ್ ಆಮೇಲೆ ಬೇರೆಯದಕ್ಕೂ ಹೋಗಿರುತ್ತದೆ.

ಮರ್ಸಿಡಿಸ್ ನಂಬರಿನ ಮೊದಲ ಮೂರು ಅಂಕಿಯೂ ಹೀಗೆಯೇ. ಚಾಸಿಯದೋ ಇಂಜಿನ್ನಿನದೋ ಮಾದರಿ ಅದು. 113 ಅಂತಿದ್ದರೆ 1963ರಿಂದ 1971ರವರೆಗೆ ಬಂದ, ಪಗೋಡ ಅಂತ ಜನ ಕರೆಯುವ ಎಸ್‌ಎಲ್. ಒಂದೇ 113 ಎರಡು ಕಂಪನಿಗಳಲ್ಲಿ ಎರಡು ಕಾರು!

ಎಡ ಬಲ ಅಂದರೆ ಸೀಟಿನಲ್ಲಿ ಕೂತು ಮುಂದೆ ನೋಡುವಾಗಿನ ಎಡ ಬಲ. ಬ್ರಿಟಿಷ್ ಪುಸ್ತಕಗಳು ನಿಯರ್‌ಸೈಡ್, ಆಫ್‌ಸೈಡ್ ಅನ್ನುತ್ತವೆ. ನಿಯರ್‌ಸೈಡ್ ಅಂದರೆ ಫುಟ್‌ಪಾತ್ ಕಡೆ. ಅವರ ರಸ್ತೆಯಲ್ಲಿ ಅದು ಎಡಗಡೆ.

ನಂಬರ್ ಪೂರ್ತಿ ಅಳಿಸಿಹೋಗಿದೆ. ಈಗ?

ಅಳತೆ ತೆಗೆಯಿರಿ. ವರ್ನಿಯರ್ ಕ್ಯಾಲಿಪರ್ ಮತ್ತು ಥ್ರೆಡ್ ಗೇಜ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು.

ಬೇರಿಂಗ್ ವಿಷಯದಲ್ಲಿ ಹೆದರುವ ಅಗತ್ಯವೇ ಇಲ್ಲ. ಹೆಚ್ಚಿನ ಬೇರಿಂಗ್‌ಗಳು ಕಾರಿಗೆಂದೇ ಮಾಡಿದವಲ್ಲ, ಎಲ್ಲ ಯಂತ್ರಗಳಿಗೂ ಬರುವ ನಿಗದಿತ ಅಳತೆಯವು. 6205 ಅಂದರೆ ಯಾವ ಕಂಪನಿ ಮಾಡಿದರೂ ಒಳಗೆ 25 ಮಿ.ಮೀ., ಹೊರಗೆ 52, ದಪ್ಪ 15. ಈ ಸಾಲಿನ ನಂಬರುಗಳಲ್ಲಿ ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ 5ರಿಂದ ಗುಣಿಸಿ, ಒಳ ಅಳತೆ ಸಿಗುತ್ತದೆ. ಕಾರು ಕಂಪನಿಯ ಡಬ್ಬಿಗೆ ಕಾಯುತ್ತಾ ಕೂರುವ ಬದಲು ಬೇರಿಂಗ್ ಅಂಗಡಿಗೆ ಹೋಗಿ. ಆದರೆ ಬಾಲದ ಅಕ್ಷರಗಳನ್ನು ಬಿಡಬೇಡಿ. 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಮುಚ್ಚಳ. ಸಿ3 ಅಂದರೆ ಒಳಗೆ ಸ್ವಲ್ಪ ಹೆಚ್ಚು ಸಡಿಲ. ಬಿಸಿಯಾಗುವ ಜಾಗಕ್ಕೆ ಅದು ಬೇಕಾಗಿಯೇ ಇಟ್ಟಿರುತ್ತಾರೆ.

ಆಯಿಲ್ ಸೀಲ್ ಕೊಳ್ಳಲು ಹಳೆಯ ಸೀಲನ್ನು ಅಳೆಯಬೇಡಿ. ಅದು ಉಬ್ಬಿರುತ್ತದೆ, ಇಲ್ಲವೇ ಒಣಗಿ ಕುಗ್ಗಿರುತ್ತದೆ. ತುಟಿಯ ಅಳತೆ ಹೊಸದರಲ್ಲೂ ಶಾಫ್ಟ್‌ಗಿಂತ ಕಡಿಮೆಯೇ. ಶಾಫ್ಟ್ ಅಳೆಯಿರಿ, ಸೀಲ್ ಕೂರುವ ಗೂಡನ್ನು ಅಳೆಯಿರಿ, ಗೂಡಿನ ಆಳ ನೋಡಿ. ಶಾಫ್ಟ್ ಮೇಲೆ ಹಳೆಯ ಸೀಲ್ ಕೊರೆದ ಗೆರೆ ಇದ್ದರೆ ಹೊಸ ಸೀಲ್ ಕೂಡ ಸೋರುತ್ತದೆ. ಆಗ ಶಾಫ್ಟ್‌ಗೆ ತೆಳುವಾದ ಕೊಳವೆಯಂಥ ಸ್ಲೀವ್ ಹಾಕಿಸಬೇಕು.

ಬೋಲ್ಟ್ ನೋಡಲು ಒಂದೇ ಥರ ಇದೆ, ತಿರುಗುತ್ತದೆ, ಆದರೆ ಬಿಗಿಯಾಗುತ್ತಿಲ್ಲ. ಯಾಕೆ?

ಥ್ರೆಡ್ ಬೇರೆ ಇರಬೇಕು. ಬಹಳ ಜನ ಎಡವುವುದು ಇಲ್ಲೇ. ಹಳೆಯ ಬ್ರಿಟಿಷ್ ವಿಟ್‌ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ. ಅಮೆರಿಕನ್ ಯುಎನ್‌ಸಿ, ಯುಎನ್‌ಎಫ್ ಮತ್ತು ಮೆಟ್ರಿಕ್ ಥ್ರೆಡ್‌ಗಳದು 60 ಡಿಗ್ರಿ. ಕಾಲು ಇಂಚಿನ ವಿಟ್‌ವರ್ತ್‌ಗೂ ಯುಎನ್‌ಸಿಗೂ ಇಂಚಿಗೆ 20 ಥ್ರೆಡ್, ಹಾಗಾಗಿ ಒಂದರ ನಟ್ ಇನ್ನೊಂದಕ್ಕೆ ಹತ್ತಿಬಿಡುತ್ತದೆ. ಹತ್ತಿದರೂ ಹಲ್ಲು ಪೂರ್ತಿ ಕೂರುವುದಿಲ್ಲ, ಬಿಗಿದಾಗ ಕಿತ್ತುಬರುತ್ತದೆ. ಅರ್ಧ ಇಂಚಿನಲ್ಲಿ ವಿಟ್‌ವರ್ತ್‌ಗೆ 12, ಯುಎನ್‌ಸಿಗೆ 13. ಅದು ಕೆಲವು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ.

ಕಾರು ಬ್ರಿಟಿಷ್ ಅಂದ ಮಾತ್ರಕ್ಕೆ ಥ್ರೆಡ್ ಇಂಚಿನದು ಅಂತಲೂ ನಂಬಬೇಡಿ. ಎಂಜಿ ಟಿಸಿ ಮತ್ತು ಟಿಡಿ ಕಾರುಗಳ ಎಕ್ಸ್‌ಪಿಎಜಿ ಇಂಜಿನ್‌ನಲ್ಲಿ ಥ್ರೆಡ್ ಮೆಟ್ರಿಕ್, ಬೋಲ್ಟಿನ ತಲೆ ಮಾತ್ರ ವಿಟ್‌ವರ್ತ್ ಸ್ಪ್ಯಾನರಿಗೆ ಹೊಂದುವುದು. ಸ್ಪ್ಯಾನರ್ ಹೊಂದಿತು ಅಂತ ವಿಟ್‌ವರ್ತ್ ಬೋಲ್ಟ್ ತಂದು ತಿರುಗಿಸಿದರೆ ಅಪರೂಪದ ಬ್ಲಾಕ್ ಹಾಳಾಗುತ್ತದೆ. ಗೇಜ್ ಇಟ್ಟು ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಬೋಲ್ಟಿನ ಗಟ್ಟಿತನವೂ ನೋಡಬೇಕು. ಇಂಚಿನ ಬೋಲ್ಟ್ ತಲೆಯ ಮೇಲೆ 3 ಗೆರೆ ಇದ್ದರೆ ಗ್ರೇಡ್ 5, 6 ಗೆರೆ ಇದ್ದರೆ ಗ್ರೇಡ್ 8. ಮೆಟ್ರಿಕ್‌ನಲ್ಲಿ 8.8, 10.9 ಅಂತ ಬರೆದಿರುತ್ತದೆ. ಸ್ಟಿಯರಿಂಗ್, ಸಸ್ಪೆನ್ಷನ್, ಬ್ರೇಕ್ ಜಾಗಕ್ಕೆ ಗುರುತಿಲ್ಲದ ಬೋಲ್ಟ್ ಹಾಕಬೇಡಿ. ಹೊಳೆಯುತ್ತದೆ ಅಂತ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟನ್ನೂ ಅಲ್ಲಿ ಹಾಕಬೇಡಿ.

ಬಳಸದ ಹಳೆಯ ದಾಸ್ತಾನು, ಈಗ ಹೊಸದಾಗಿ ಮಾಡಿದ್ದು, ಗುಜರಿಯದ್ದು: ಯಾವುದು ಒಳ್ಳೆಯದು?

ಪಾರ್ಟ್ ಯಾವುದು ಅನ್ನುವುದರ ಮೇಲಿದೆ. ಕಬ್ಬಿಣ, ಹಿತ್ತಾಳೆ, ಗಾಜು, ತಗಡು, ಗೇರ್ ಚಕ್ರ ಆದರೆ ಆ ಕಾಲದಲ್ಲೇ ಮಾಡಿ ಡಬ್ಬಿಯಲ್ಲೇ ಉಳಿದದ್ದಕ್ಕೆ ಸಾಟಿಯಿಲ್ಲ. ಅಳತೆ ಸರಿಯಿರುತ್ತದೆ, ಲೋಹವೂ ಚೆನ್ನಾಗಿರುತ್ತದೆ. ರಬ್ಬರ್ ಆದರೆ ನನ್ನ ಉತ್ತರ ಖಂಡಿತ ಬೇಡ. ಹೋಸ್, ಸೀಲ್, ಬುಶ್, ಇಂಧನ ಪಂಪಿನ ಡಯಾಫ್ರಾಮ್, ಇವು ಡಬ್ಬಿಯೊಳಗೇ ಮುದಿಯಾಗುತ್ತವೆ. ನೋಡಲು ಹೊಸದಾಗಿದ್ದರೂ ಬಗ್ಗಿಸಿದರೆ ಬಿರುಕು ಬಿಡುತ್ತವೆ. ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಇನ್ನೂ ಬೇಗ ಹೋಗುತ್ತದೆ. ಎಥನಾಲ್ ತಡೆಯುವ ಹೊಸ ಹೋಸನ್ನೇ ಹಾಕಿ.

ಹಳೆಯ ಬ್ರೇಕ್ ಶೂ, ಕ್ಲಚ್ ಪ್ಲೇಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಉಜ್ಜುವುದು, ಗಾಳಿ ಊದುವುದು ಎರಡೂ ಅಪಾಯ. ಟೈರ್ ಅಂತೂ ಬಿಡಿ. ಅದರ ಬದಿಯಲ್ಲಿ ವಾರ ಮತ್ತು ವರ್ಷ ಹೇಳುವ ನಾಲ್ಕು ಅಂಕಿ 2000ದಿಂದ ಬಂತು. ಮೂರೇ ಅಂಕಿ ಇದ್ದರೆ ಅದಕ್ಕೂ ಹಿಂದಿನದು, ರಸ್ತೆಗೆ ಬೇಡ.

ಈಗ ಹೊಸದಾಗಿ ಮಾಡಿದ ಪಾರ್ಟ್‌ಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಮೂಲ ಅಚ್ಚಿನಿಂದ ಮಾಡಿದ್ದಾ, ಹಳೆಯ ಪಾರ್ಟ್ ನೋಡಿ ನಕಲು ಮಾಡಿದ್ದಾ ಅಂತ ಕೇಳಿ. ನಕಲಿನ ನಕಲು ಮಾಡಿದ್ದರೆ ತೂತುಗಳು ಜಾಗ ಬಿಟ್ಟಿರುತ್ತವೆ.

ಗುಜರಿ ಪಾರ್ಟನ್ನು ಕೀಳಾಗಿ ನೋಡಬೇಡಿ. ಬಾಗಿಲ ಹಿಡಿ, ಡಯಲ್, ಬ್ರಾಕೆಟ್, ಸೀಟಿನ ಚೌಕಟ್ಟು ಇವುಗಳಲ್ಲಿ ಸವೆದ ಮೂಲ ಪಾರ್ಟನ್ನು ಸರಿಮಾಡಿಸಿದರೆ ಹೊಸ ನಕಲಿಗಿಂತ ಚೆನ್ನಾಗಿ ಕೂರುತ್ತದೆ.

ಬ್ರೇಕ್ ಪಾರ್ಟ್ ಕೊಳ್ಳುವಾಗ ಬೇರೆ ಎಚ್ಚರ ಬೇಕಾ?

ಬೇಕು. ಮಾಸ್ಟರ್ ಸಿಲಿಂಡರ್ ಹೊರಗಿನಿಂದ ಒಂದೇ ಥರ ಕಂಡರೂ ಒಳಗಿನ ವ್ಯಾಸ ಬೇರೆ ಇರುತ್ತದೆ. ವ್ಯಾಸ ದೊಡ್ಡದಾದರೆ ಪೆಡಲ್ ಸ್ವಲ್ಪವೇ ಇಳಿಯುತ್ತದೆ, ಆದರೆ ಜಾಸ್ತಿ ಒತ್ತಬೇಕು. ಚಿಕ್ಕದಾದರೆ ಹಗುರ, ಆದರೆ ಪೆಡಲ್ ಆಳಕ್ಕೆ ಹೋಗುತ್ತದೆ. ಪುಸ್ತಕದಲ್ಲಿ ಹೇಳಿದ ಅಳತೆಯನ್ನೇ ಹಾಕಿ.

ದ್ರವವೂ ಪಾರ್ಟಿನಷ್ಟೇ ಮುಖ್ಯ. 1955ರಿಂದ 1975ರವರೆಗೆ ಬಂದ ಸಿಟ್ರೋಎನ್ ಡಿಎಸ್ ಕಾರಿನಲ್ಲಿ ಮೊದಲು ಕೆಂಪು ದ್ರವ ಇತ್ತು, 1966ರಿಂದ ಹಸಿರು ಬಣ್ಣದ ಖನಿಜ ದ್ರವ ಬಂತು. ಅಮೆರಿಕಕ್ಕೆ ಹೋದ ಕಾರುಗಳಲ್ಲಿ ಅದು ಇನ್ನೂ ತಡ. ಒಂದರ ಸೀಲ್ ಇನ್ನೊಂದರಲ್ಲಿ ಉಳಿಯುವುದಿಲ್ಲ. ಹಸಿರು ದ್ರವದ ಪಾರ್ಟ್‌ಗಳಿಗೆ ಹಸಿರು ಬಣ್ಣದ ಗುರುತು ಇರುತ್ತದೆ. ಇಂಥ ಕಾರಿನಲ್ಲಿ ವರ್ಷ ಊಹಿಸಿ ಸೀಲ್ ತರುವುದು ಬೇಡವೇ ಬೇಡ.

ಬೇರೆ ಕಾರಿನ ಪಾರ್ಟ್ ಹೊಂದಬಹುದಾ?

ಎಷ್ಟೋ ಸಲ ಹೊಂದುತ್ತದೆ. ಚಿಕ್ಕ ಕಂಪನಿಗಳು ಪ್ರತಿಯೊಂದನ್ನೂ ತಾವೇ ಮಾಡುತ್ತಿರಲಿಲ್ಲ. ಲೋಟಸ್ ಎಸ್ಪ್ರಿಯ ಬಾಗಿಲ ಹಿಡಿ ಮಾರಿಸ್ ಮರೀನಾದ್ದು. ಟ್ರಯಂಫ್ ಟಿಆರ್7ಗೂ ಅದೇ. ಡಿಲೋರಿಯನ್ ಕಾರಿನ ವಿ6 ಇಂಜಿನ್ ಪೂಜೋ, ರೆನೋ, ವೋಲ್ವೋ ಮೂರೂ ಸೇರಿ ಮಾಡಿದ್ದು. ಮಾರ್ಗನ್ ಪ್ಲಸ್ 8ರಲ್ಲಿ ರೋವರ್ ವಿ8 ಇದೆ. ದುಬಾರಿ ಕಾರಿನ ಹೆಸರಿನಲ್ಲಿ ಹುಡುಕಿದರೆ ಒಂದು ಬೆಲೆ, ಪಾರ್ಟ್ ಹುಟ್ಟಿದ ಸಾಮಾನ್ಯ ಕಾರಿನ ಹೆಸರಿನಲ್ಲಿ ಹುಡುಕಿದರೆ ಇನ್ನೊಂದು ಬೆಲೆ. ಅದಕ್ಕೇ ಪಾರ್ಟ್ ತಯಾರಿಸಿದವರ ಗುರುತು, ಅಂದರೆ ಲ್ಯೂಕಸ್, ಗರ್ಲಿಂಗ್, ಬಾಷ್, ಸೋಲೆಕ್ಸ್ ಅಂತ ಏನಿದೆಯೋ ಅದನ್ನು ಮೊದಲು ನೋಡಿ.

ಕಾರ್ಬ್ಯುರೇಟರ್ ರಿಪೇರಿ ಕಿಟ್ ಯಾವುದು ಅಂತ ಹೇಗೆ ತಿಳಿಯುವುದು?

ಎಸ್‌ಯು ಕಂಪನಿಯದಾದರೆ ಫ್ಲೋಟ್ ಚೇಂಬರ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಮುಚ್ಚಳದ ಸ್ಕ್ರೂಗೆ ಒಂದು ಪುಟ್ಟ ತಗಡಿನ ಚೀಟಿ ಸಿಕ್ಕಿಸಿರುತ್ತದೆ. ಅದರ ಮೇಲಿನ ನಂಬರೇ ಆಧಾರ. ಬಿಚ್ಚುವಾಗ ಅದನ್ನು ಕಳೆಯಬೇಡಿ. ಎಚ್‌ಎಸ್4 ಅಂತ ಮಾದರಿ ಮಾತ್ರ ಹೇಳಿದರೆ ಸಾಲದು, ಬಾಡಿ ಒಂದೇ ಇದ್ದರೂ ಪೆಟ್ರೋಲಿನ ಪ್ರಮಾಣ ಹಿಡಿಯುವ ಸೂಜಿ ಬೇರೆ ಬೇರೆ. ಸೂಜಿಯ ಬುಡದಲ್ಲೇ ಅದರ ಅಕ್ಷರ ಕೆತ್ತಿರುತ್ತದೆ. ವೆಬರ್ ಕಂಪನಿಯದಾದರೆ ಮಾದರಿ ಸಾಮಾನ್ಯವಾಗಿ ಕೆಳಗಿನ ಫ್ಲಾಂಜ್ ಮೇಲೆ ಇರುತ್ತದೆ.

ಪಿಸ್ಟನ್ ಮತ್ತು ಬೇರಿಂಗ್ ಶೆಲ್ ಮೊದಲೇ ತರಿಸಿಟ್ಟುಕೊಳ್ಳಬಹುದಾ?

ಬೇಡ. ಹಿಂದೆ ಯಾರೋ ಬೋರ್ ಮಾಡಿಸಿರಬಹುದು, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ದೊಡ್ಡದು ಮಾಡಿಸಿರಬಹುದು. ಪಿಸ್ಟನ್ ತಲೆಯ ಮೇಲೆ 020 ಅಥವಾ 030 ಅಂತಿದ್ದರೆ ಇಂಚಿನ ಸಾವಿರದಲ್ಲಿ 20 ಅಥವಾ 30 ಭಾಗ ಆಗಲೇ ದೊಡ್ಡದಾಗಿದೆ ಅಂತ. ಕ್ರ್ಯಾಂಕ್ ಕೂಡ ಸಾಣೆ ಹಿಡಿದಿದ್ದರೆ ಅದನ್ನು ಹಿಡಿಯುವ ಬೇರಿಂಗ್ ಶೆಲ್ ಹಿಂಬದಿಯಲ್ಲಿ ಅಳತೆ ಇರುತ್ತದೆ. ಮೊದಲು ಬಿಚ್ಚಿ, ಮೆಷಿನ್ ಶಾಪ್‌ನಲ್ಲಿ ಅಳೆಸಿ, ಯಾವ ಅಳತೆಯ ಪಿಸ್ಟನ್ ಸಿಗುತ್ತದೆ ಅಂತ ನೋಡಿ ತರಿಸಿ. ಪಿಸ್ಟನ್ ಕೈಗೆ ಬಂದ ಮೇಲೇ ಬೋರ್ ಮಾಡಿಸಿ.

ಸ್ಪಾರ್ಕ್ ಪ್ಲಗ್?

ಥ್ರೆಡ್ ಉದ್ದ ನೋಡಿ: 12.7 ಮಿ.ಮೀ. ಜಾಗಕ್ಕೆ 19 ಮಿ.ಮೀ. ಪ್ಲಗ್ ಹಾಕಿದರೆ ಪಿಸ್ಟನ್‌ಗೆ ಬಡಿಯಬಹುದು. ಎನ್‌ಜಿಕೆ ಕಂಪನಿಯಲ್ಲಿ ಅಂಕಿ ಹೆಚ್ಚಾದರೆ ತಣ್ಣನೆಯ ಪ್ಲಗ್ (ಬಿಸಿಯನ್ನು ಬೇಗ ಬಿಟ್ಟುಕೊಡುವುದು), ಚಾಂಪಿಯನ್‌ನಲ್ಲಿ ಅಂಕಿ ಹೆಚ್ಚಾದರೆ ಬಿಸಿ ಪ್ಲಗ್. ಕಂಪನಿ ಬದಲಾಯಿಸುವಾಗ ಹೋಲಿಕೆ ಪಟ್ಟಿ ನೋಡಿಯೇ ಕೊಳ್ಳಿ.

ಬಾಡಿಯ ತಗಡುಗಳು ಹೊಸದಾಗಿ ಸಿಗುತ್ತವಾ?

ಕೆಲವು ಕಾರುಗಳಿಗೆ ಚೆನ್ನಾಗಿಯೇ ಸಿಗುತ್ತವೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಎಂಜಿಬಿಯ ಇಡೀ ಬಾಡಿಯನ್ನೇ ಮೂಲ ಅಚ್ಚುಗಳನ್ನು ಬಳಸಿ ಮತ್ತೆ ತಯಾರಿಸಿತು. ಆದರೆ ಯಾವ ಫೆಂಡರ್ ತಂದರೂ ಬಣ್ಣ ಹೊಡೆಯುವ ಮೊದಲು ಬಾಗಿಲು, ಬಾನೆಟ್ ಎಲ್ಲ ಕೂರಿಸಿ ಸಂದುಗಳನ್ನು ನೋಡಿ. ವೆಲ್ಡ್ ಮಾಡುವ ಮೊದಲು ಕ್ಲ್ಯಾಂಪ್ ಹಾಕಿಯೇ ನೋಡಬೇಕು. ಬಣ್ಣ ತಾಗಿದ ತಗಡನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕಾರು ಕಂಪನಿಯವರೇ ಇನ್ನೂ ಪಾರ್ಟ್ ಕೊಡುತ್ತಾರಾ?

ಈಗ ಮೊದಲಿಗಿಂತ ಜಾಸ್ತಿ ಕೊಡುತ್ತಿದ್ದಾರೆ. ಇದು ನಿಜಕ್ಕೂ ಸಂತೋಷದ ವಿಷಯ. ಮಜ್ದಾ ಮೊದಲ ತಲೆಮಾರಿನ ಎಂಎಕ್ಸ್-5ಗೆ, ನಿಸಾನ್ ಆರ್32 ಸ್ಕೈಲೈನ್ ಜಿಟಿ-ಆರ್‌ಗೆ 2017ರಲ್ಲಿ ಹಳೆಯ ಪಾರ್ಟ್‌ಗಳನ್ನು ಮತ್ತೆ ತಯಾರಿಸುವುದಾಗಿ ಹೇಳಿದವು. ಟೊಯೋಟಾ 2020ರಲ್ಲಿ 2000ಜಿಟಿಗೆ ಗೇರ್‌ಬಾಕ್ಸ್ ಪಾರ್ಟ್‌ಗಳನ್ನು ತಂದಿತು. ಪೋರ್ಷೆ ತನ್ನ 959 ಕಾರಿನ ಕ್ಲಚ್ ರಿಲೀಸ್ ಲಿವರನ್ನು 3ಡಿ ಪ್ರಿಂಟಿಂಗ್‌ನಿಂದ ಮಾಡುತ್ತದೆ. ಮರ್ಸಿಡಿಸ್‌ಗೆ 1993ರಿಂದಲೇ ಹಳೆಯ ಕಾರುಗಳಿಗೆಂದು ಪ್ರತ್ಯೇಕ ಕೇಂದ್ರ ಇದೆ. ಹೊರಗೆ ಹುಡುಕುವ ಮೊದಲು ಕಂಪನಿಯನ್ನೇ ಒಮ್ಮೆ ಕೇಳಿ.

ಮಾರುವವರನ್ನು ಏನೇನು ಕೇಳಬೇಕು?

ನಂಬರ್ ಕಾಣುವ ಫೋಟೋ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟ ಫೋಟೋ, ಹಿಂಬದಿಯ ಫೋಟೋ. "ನಿಮ್ಮ ಕಾರಿಗೆ ಆಗುತ್ತೆ" ಅನ್ನುವ ಮಾತಿಗಿಂತ ಎರಡು ತೂತುಗಳ ನಡುವಿನ ಅಂತರ ಎಷ್ಟು ಅನ್ನುವ ಉತ್ತರ ಮೇಲು. ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಕೇಳಿ.

ಹಳೆಯದನ್ನು ಕೊಟ್ಟು ರಿಪೇರಿಯಾದದ್ದನ್ನು ಒಯ್ಯಿರಿ ಅನ್ನುವ ವ್ಯವಹಾರದಲ್ಲಿ ಸ್ವಲ್ಪ ನಿಧಾನಿಸಿ. ನೀವು ಕೊಡುವುದು ನಿಮ್ಮ ಕಾರಿನ ಜೊತೆಗೇ ಹುಟ್ಟಿದ, ತಾರೀಕು ಹೊಂದುವ ಪಾರ್ಟ್ ಆಗಿರಬಹುದು. ಬರುವುದು ಯಾವ ಕಾರಿನದೋ. ಸಾಧ್ಯವಿದ್ದರೆ ನಿಮ್ಮದನ್ನೇ ರಿಪೇರಿ ಮಾಡಿಸಿ.

ಎಲ್ಲೂ ಸಿಗದಿದ್ದರೆ?

ಮಾಡಿಸಿ. ಬುಶ್, ಪಿನ್, ಸ್ಪೇಸರ್‌ಗಳು ಲೇತ್ ಇರುವವರಿಗೆ ಸುಲಭದ ಕೆಲಸ. ಗ್ಯಾಸ್ಕೆಟ್ ಕಾಗದದಿಂದ ಕತ್ತರಿಸಬಹುದು. ಮುರಿದ ಹಿಡಿ, ದೀಪದ ಚೌಕಟ್ಟು ಇದ್ದರೆ ತುಂಡುಗಳನ್ನು ಜೋಡಿಸಿ ಅದರಿಂದಲೇ ಅಚ್ಚು ತೆಗೆಯಬಹುದು. ಎರಕ ಹೊಯ್ಯಿಸುವಾಗ ಲೋಹ ತಣ್ಣಗಾಗಿ ಕುಗ್ಗುತ್ತದೆ, ಹಾಗಾಗಿ ಮಾದರಿ ಸ್ವಲ್ಪ ದೊಡ್ಡದಿರಬೇಕು. ಸ್ಟಿಯರಿಂಗ್ ಆರ್ಮ್, ಬ್ರೇಕ್ ಭಾಗಗಳನ್ನು ಮಾತ್ರ ಹೀಗೆ ಮಾಡಿಸಬೇಡಿ. ಮೂಲದಲ್ಲಿ ಯಾವ ಲೋಹ, ಹೇಗೆ ಹದ ಮಾಡಿದ್ದರು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ.

ಹೊಸ ಪಾರ್ಟ್ ಬಂದ ಮೇಲೆ ಹಳೆಯದನ್ನು ಎಸೆಯಬಹುದಾ?

ಹೊಸದು ಕೂತು, ಕಾರು ಓಡಿ, ಎಲ್ಲ ಸರಿಯಿದೆ ಅಂತ ಖಚಿತವಾಗುವ ತನಕ ಒಂದು ವಾಷರನ್ನೂ ಎಸೆಯಬೇಡಿ. ಹಳೆಯದರಲ್ಲಿರುವ ಬ್ರಾಕೆಟ್, ಕ್ಲಿಪ್, ಸ್ಟಡ್ ಹೊಸ ಡಬ್ಬಿಯಲ್ಲಿ ಬರುವುದಿಲ್ಲ. ಆಮೇಲೆ ಕೂಡ ತಾರೀಕು ಮತ್ತು ನಂಬರ್ ಇರುವ ಡೈನಮೊ, ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್ ಇಟ್ಟುಕೊಳ್ಳಿ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೂ ಹಳೆಯ ಪ್ಲೇಟ್ ಮತ್ತು ಪಾಯಿಂಟ್ಸ್ ಚೀಲದಲ್ಲಿ ಇರಲಿ. ಹಳೆಯ ಬ್ರೇಕ್ ಸೀಲ್, ಹೋಸ್, ಬಿರುಕು ಬಿಟ್ಟ ಬೋಲ್ಟ್ ಇವನ್ನು ಮಾತ್ರ ಕತ್ತರಿಸಿ ಎಸೆಯಿರಿ, ಇನ್ನೊಬ್ಬರು ತಿಳಿಯದೆ ಮತ್ತೆ ಬಳಸಬಾರದು. ಉಳಿದವಕ್ಕೆ ಪಾರ್ಟ್ ನಂಬರ್, ಬಿಚ್ಚಿದ ಜಾಗ, ತಾರೀಕು ಬರೆದ ಚೀಟಿ ಕಟ್ಟಿ ಒಣಗಿದ ಜಾಗದಲ್ಲಿಡಿ. ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಎಣ್ಣೆ ತಾಗಿದರೆ ಶಾಯಿ ಅಳಿಸಿಹೋಗುತ್ತದೆ.